ಭುಜದ ಮೇಲೆ ಎರಡು ಬೆರಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಬೇಕಾದವಳು ನಾನಲ್ಲ, ನನ್ನ ಅಕ್ಕ. ಅವಳು ಹೇಳುವುದಿಲ್ಲ. ಯಾರಾದರೂ ಕೇಳಿದರೆ ಮೈಕು ಕೆಟ್ಟಿತ್ತು ಎಂದು ಸುಮ್ಮನಾಗುತ್ತಾಳೆ. ಮೈಕು ಕೆಟ್ಟಿರಲಿಲ್ಲ. ಅದು ಗೊತ್ತಿರುವವರು ಕೆಲವೇ ಜನ, ಅವರಲ್ಲಿ ತಪ್ಪು ಮಾಡಿದವಳು ನಾನು. ತಪ್ಪು ಮಾಡಿದವರು ಹೇಳಲು ಕೂತರೆ ಮಾತು ತಮ್ಮ ಕಡೆಗೇ ವಾಲುತ್ತದೆ ಎಂಬ ಭಯ ನನಗೂ ಇದೆ. ಸಂಜೆ ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತದ್ದು ಬಿಟ್ಟರೆ ಬರೆಯುವ ಅಭ್ಯಾಸವೂ ಇಲ್ಲ. ಎಲ್ಲಿಯಾದರೂ ನನ್ನನ್ನು ನಾನೇ ಬಚಾವು ಮಾಡಿಕೊಳ್ಳುತ್ತಿದ್ದೇನೆ ಅನ್ನಿಸಿದರೆ ದಯವಿಟ್ಟು ಆ ಸಾಲನ್ನು ನಂಬಬೇಡಿ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಕ್ಲಬ್ಬಿದೆ. ಕೆಳಗೆ ಟೈರಿನ ಅಂಗಡಿ, ಮೇಲೆ ಕ್ಲಬ್ಬಿನ ಹಾಲ್. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಹತ್ತಿದ ಮೇಲೆ ಹಳೆಯ ಪತ್ರಿಕೆಗಳ ವಾಸನೆ. ವರ್ಷವಿಡೀ ಅಲ್ಲಿ ಕೇರಂ, ಚದುರಂಗ ಮತ್ತು ಸುಮ್ಮನೆ ಕೂತು ಮಾತಾಡುವುದು ನಡೆಯುತ್ತದೆ. ಕ್ರಿಸ್ಮಸ್ಸಿಗೆ ಮುಂಚಿನ ಶನಿವಾರ ಮಾತ್ರ ಕೇರಂ ಬೋರ್ಡುಗಳನ್ನು ಗೋಡೆಗೆ ಒರಗಿಸಿ, ಮಡಚುವ ಕುರ್ಚಿಗಳನ್ನು ಸಾಲಾಗಿ ಹಾಕಿ, ವೇದಿಕೆಯ ಮೇಲೆ ಕಾಗದದ ದೊಡ್ಡ ನಕ್ಷತ್ರದೊಳಗೆ ಒಂದು ಬಲ್ಬು ಇಳಿಬಿಡುತ್ತಾರೆ. ಮಕ್ಕಳ ನಾಟಕ, ಒಂದು ಜಾದೂ, ಅಂಚೆ ಕಚೇರಿಯವರ ಮೌತ್ ಆರ್ಗನ್, ಎಲ್ಲಕ್ಕಿಂತ ಕೊನೆಗೆ ನಮ್ಮ ಗಾಯನ ತಂಡ. ಚರ್ಚಿಗೆ ಹೋಗುವವರೂ ಬರುತ್ತಾರೆ, ಹೋಗದವರೂ ಬರುತ್ತಾರೆ. ಕೇಕ್ ಎಲ್ಲರಿಗೂ ಇರುತ್ತದೆ.

ತಂಡವನ್ನು ನಡೆಸುವವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರದು ಒಂದೇ ಹಟ: ಹಾಡಬೇಕೆಂದು ಬಂದವರನ್ನು ವಾಪಸ್ ಕಳಿಸಬಾರದು. ಹೀಗಾಗಿ ನಮ್ಮ ಇಪ್ಪತ್ತೆರಡು ಜನರಲ್ಲಿ ಹಾಡು ಬರುವವರು ಹನ್ನೆರಡು, ಬರುತ್ತದೆ ಅಂದುಕೊಂಡವರು ಹತ್ತು. ಈ ಹತ್ತು ಜನರಿಗಾಗಿ ಮೇಷ್ಟ್ರು ಒಂದು ಪದ್ಧತಿ ಮಾಡಿದ್ದರು. ಹಿಂದಿನ ಸಾಲಿನವರು ಒಂದು ಬೆಂಚಿನ ಮೇಲೆ ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ, ಪರದೆಯ ಮಬ್ಬಿನಲ್ಲಿ, ಕಿವಿ ನೆಟ್ಟಗಿರುವ ಒಬ್ಬರು ನಿಂತಿರುತ್ತಾರೆ. ಯಾರ ಸ್ವರ ಜಾರುತ್ತದೋ ಅವರ ಬಲ ಭುಜದ ಮೇಲೆ ಎರಡು ಬೆರಳು ಇಡುತ್ತಾರೆ, ಒಂದು ಉಸಿರಿನಷ್ಟು ಹೊತ್ತು. ಬೆರಳು ಬಿದ್ದವರು ತಿರುಗಿ ನೋಡಬಾರದು. ಆ ಹಾಡು ಮುಗಿಯುವವರೆಗೆ ಬಾಯಿ ಮಾತ್ರ ಆಡಿಸಬೇಕು, ಧ್ವನಿ ಬಿಡಬಾರದು. ಮುಗಿದ ಮೇಲೆ ಅದರ ಮಾತು ಎತ್ತಬಾರದು.

"ಇದು ಶಿಕ್ಷೆ ಅಲ್ಲ, ವಿಶ್ರಾಂತಿ," ಎನ್ನುತ್ತಿದ್ದರು ಮೇಷ್ಟ್ರು.

ಹಾಡು ಮುಗಿಯುವವರೆಗೆ ಎಂಬುದನ್ನು ಆಮೇಲೆ ಸೇರಿಸಿದ್ದು. ಒಂದು ವರ್ಷ ಔಷಧಿ ಅಂಗಡಿಯವರು ಎರಡನೇ ಚರಣದಲ್ಲಿ ಬೆರಳು ಬಿದ್ದಾಗ ಸುಮ್ಮನಾಗಿ, ಮೂರನೇ ಚರಣದಲ್ಲಿ ಅದುವರೆಗಿನ ಬಾಕಿಯನ್ನೆಲ್ಲ ಸೇರಿಸಿ ಕೂಗಿದ್ದರು. ಅಂದಿನಿಂದ ಬೆರಳು ಅಂದರೆ ಕೊನೆಯವರೆಗೆ.

ಹನ್ನೊಂದು ವರ್ಷ ಆ ಬೆರಳು ನನ್ನದಾಗಿತ್ತು.

ನನಗೆ ಹಾಡಲು ಬರುವುದಿಲ್ಲ. ಬೇರೆಯವರು ತಪ್ಪಿದ್ದು ಮಾತ್ರ ಗೊತ್ತಾಗುತ್ತದೆ. ನನ್ನ ಕೆಲಸವೂ ಅಂಥದ್ದೇ. ತಂಪು ಪಾನೀಯದ ಕಾರ್ಖಾನೆಯಲ್ಲಿ ತೊಳೆದ ಬಾಟಲಿಗಳು ಒಂದು ಬಿಳಿ ದೀಪದ ಮುಂದೆ ಸಾಲಾಗಿ ಹೋಗುತ್ತವೆ. ನಾನು ಸ್ಟೂಲಿನ ಮೇಲೆ ಕೂತು ಸೀಳು ಬಿಟ್ಟದ್ದನ್ನು, ಒಳಗೆ ಕೊಳೆ ಉಳಿದದ್ದನ್ನು ಎತ್ತಿ ಪಕ್ಕದ ಡಬ್ಬಿಗೆ ಹಾಕಬೇಕು. ನಿಮಿಷಕ್ಕೆ ಅರವತ್ತು ಬಾಟಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಯಿಸುತ್ತಾರೆ, ಇಲ್ಲದಿದ್ದರೆ ಕಣ್ಣು ಸೋತು ಎಲ್ಲವೂ ಸರಿಯಾಗಿ ಕಾಣಲು ಶುರುವಾಗುತ್ತದೆ. ನನಗೆ ಉಲ್ಟಾ. ಸೋತಾಗ ಎಲ್ಲವೂ ಸೀಳಿದ ಹಾಗೆ ಕಾಣುತ್ತದೆ. ಮನಸ್ಸು ಹೌದು ಎನ್ನುವ ಮೊದಲೇ ಕೈ ಹೋಗಿರುತ್ತದೆ. ಒಳ್ಳೆಯ ಬಾಟಲಿಗಳನ್ನು ಅತಿ ಹೆಚ್ಚು ಎತ್ತಿಹಾಕುವವಳು ಎಂದು ಸೂಪರ್‌ವೈಸರ್ ಎರಡು ಸಲ ಬೈದಿದ್ದಾರೆ.

ನಾನಿರುವುದು ಅಕ್ಕನ ಮನೆಯಲ್ಲೇ, ಮೇಲಿನ ಕೋಣೆಯಲ್ಲಿ. ಅಕ್ಕ ಹೊಲಿಗೆಯವಳು, ಶಾಲೆಯ ಯೂನಿಫಾರಂ, ಆಸ್ಪತ್ರೆಯ ಕೋಟು, ಸಡಿಲ ಮಾಡುವುದು, ಬಿಗಿ ಮಾಡುವುದು. ಭಾವ ಬಸ್ ಡ್ರೈವರು. ಕ್ಲಬ್ಬಿನ ಪದ್ಧತಿ ಕೇಳಿದ ದಿನವೇ ಅವರು ನಕ್ಕಿದ್ದರು.

"ಬೇರೆ ಕಡೆ ಭೇಷ್ ಅಂತ ಬೆನ್ನು ತಟ್ತಾರೆ. ನಿಮ್ಮ ಕ್ಲಬ್ಬಲ್ಲಿ ಬಾಯಿ ಮುಚ್ಚು ಅಂತ ಭುಜ ಮುಟ್ತಾರೆ. ಈ ಸೌಕರ್ಯ ಮನೇಲೂ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು!"

"ಇದ್ದಿದ್ರೆ ನಿಮ್ಮ ಭುಜ ಇಷ್ಟು ಹೊತ್ತಿಗೆ ಸವೆದು ಹೋಗ್ತಿತ್ತು," ಎಂದಿದ್ದಳು ಅಕ್ಕ.

ಪ್ರತಿ ವರ್ಷ ತಂಡದ ಕೊನೆಯ ಹಾಡು ತೊಟ್ಟಿಲ ಹಾಡು. ಕ್ಲಬ್ಬಿನ ಹಳೆಯ ಸದಸ್ಯರೊಬ್ಬರು ಕಟ್ಟಿದ್ದು, ನಾಲ್ಕು ಚರಣ. ಮೂರನೆಯದು ತಾಯಿಯ ಮಾತು, ಒಬ್ಬರೇ ಹಾಡಬೇಕು. ಹಾಡುವವರು ಮುಂದೆ ಬರುವ ಹಾಗಿಲ್ಲ. ತಮ್ಮ ಜಾಗದಲ್ಲೇ, ಹಿಂದಿನ ಸಾಲಿನ ಎಡತುದಿಯಲ್ಲಿ ನಿಂತು ಹಾಡಬೇಕು. ಆಗ ಬೇರೆ ದೀಪ ಆರಿಸಿ ನಕ್ಷತ್ರದ ಬಲ್ಬು ಒಂದನ್ನೇ ಬಿಡುತ್ತಾರೆ. ಒಂಬತ್ತು ವರ್ಷ ಆ ಚರಣ ಅಕ್ಕನದಾಗಿತ್ತು. ಮೇಷ್ಟ್ರು ಅವಳಿಗೆ ತಾಳ ತೋರಿಸಲು ಕೈ ಕೂಡ ಎತ್ತುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು ಅಷ್ಟೇ.

ಆಮೇಲೆ ಅಕ್ಕನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಗಂಟು ಕೆಟ್ಟದ್ದಲ್ಲ ಎಂದರು. ಎಲ್ಲರೂ ನಿಟ್ಟುಸಿರು ಬಿಟ್ಟೆವು. ಎಚ್ಚರವಾದಾಗ ಅವಳ ಬಾಯಿಂದ ಬಂದದ್ದು ಒಣ ಎಲೆಯ ಮೇಲೆ ಯಾರೋ ನಡೆದಂಥ ಸದ್ದು. ತಿಂಗಳುಗಳು ಕಳೆದ ಮೇಲೆ ಮಾತು ಬಂತು. "ಮಾತಿಗೇನೂ ತೊಂದರೆ ಇರಲ್ಲ. ಹಾಡಿನ ವಿಷಯ ನಾನು ಹೇಳಲಾರೆ," ಎಂದರು ಡಾಕ್ಟರು. ಎರಡು ಕ್ರಿಸ್ಮಸ್ ಅವಳು ಕ್ಲಬ್ಬಿನ ಮೆಟ್ಟಿಲು ಹತ್ತಲಿಲ್ಲ. ಆ ಎರಡೂ ವರ್ಷ ಮೂರನೇ ಚರಣ ಹಾಡಿದವರು ನಮ್ಮ ತಂಡದ ನರ್ಸಮ್ಮ. ಚೆನ್ನಾಗಿಯೇ ಹಾಡಿದರು. ಕಷ್ಟವಾದದ್ದು ಅದೇ.

ಮೂರನೇ ವರ್ಷ ಅಕ್ಕ ತಾನಾಗಿಯೇ ಅಭ್ಯಾಸಕ್ಕೆ ಬಂದಳು. ಕತ್ತಿನವರೆಗೆ ಗುಂಡಿ ಹಾಕಿದ ರವಿಕೆ, ಮೇಲೆ ತಂಡದ ನೀಲಿ ಶಾಲು. ಮೇಷ್ಟ್ರು ಅವಳನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ನಾನೂ ಹೋದೆ.

"ಈ ಸಲ ನೀನೇ ಹಾಡು," ಎಂದರು. "ಆದ್ರೆ ಒಂದು ಮಾತು. ಇದೊಂದು ವರ್ಷ ನೋಡೋಣ. ಸರಿ ಹೋಗಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ನರ್ಸಮ್ಮನಿಗೇ ಖಾಯಂ. ಆಮೇಲೆ ನನ್ನ ಹತ್ರ ಬಂದು ಅಳೋ ಹಾಗಿಲ್ಲ."

"ಅಳೋದೆಲ್ಲ ಆಸ್ಪತ್ರೇಲೇ ಮುಗಿಸಿ ಬಂದಿದೀನಿ ಮೇಷ್ಟ್ರೇ."

ದಾರಿಯಲ್ಲಿ ಬರುವಾಗ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. "ನೋಡು ಪುಟ್ಟಿ, ಇದು ಹೋದ್ರೆ ನಾನು ಮತ್ತೆ ಎಲ್ಲೂ ಹಾಡಲ್ಲ. ಮನೇಲೂ ಹಾಡಲ್ಲ. ಹಾಗಾಗಿ ನನಗೆ ಸುಳ್ಳು ಹೇಳಬೇಡ. ತಪ್ಪಿದ್ರೆ ತಪ್ಪು ಅನ್ನು. ಬೆರಳಿಡಬೇಕು ಅನ್ನಿಸಿದ್ರೆ ಇಡು. ಅಕ್ಕ ಅಂತ ನೋಡಬೇಡ. ಗೊತ್ತಾಯ್ತಾ?"

"ಹೂಂ."

"ತಪ್ಪದೇ ಇದ್ದಾಗ ಇಟ್ಟೆ ಅಂದ್ರೆ ಮಾತ್ರ ಆ ಬೆರಳನ್ನ ಕತ್ತರಿಗೆ ಹಾಕ್ತೀನಿ," ಎಂದು ನಕ್ಕಳು. ನಾನೂ ನಕ್ಕೆ.

ಅಭ್ಯಾಸದಲ್ಲಿ ಅವಳು ಪೂರ್ತಿ ಧ್ವನಿ ಬಿಡಲಿಲ್ಲ. ಗಂಟಲನ್ನು ಆ ದಿನಕ್ಕೆ ಉಳಿಸಿಕೊಳ್ಳುತ್ತೇನೆ ಎಂದಳು, ಮೇಷ್ಟ್ರು ಒಪ್ಪಿದರು. ಮನೆಯಲ್ಲಿ ಹೊಲಿಗೆ ಮೆಷಿನ್ ಓಡಿಸುತ್ತಾ ಹಾಡುತ್ತಿದ್ದಳು. ನಾನು ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವಾಗ ಮೆಷಿನ್ನಿನ ಕಟಕಟದ ಅಡಿಯಲ್ಲಿ ಒಂದು ದಾರದಷ್ಟು ಸ್ವರ ಕೇಳುತ್ತಿತ್ತು. ಬಾಗಿಲಲ್ಲೇ ನಿಂತುಬಿಡುತ್ತಿದ್ದೆ.

"ಹೇಗಿದೆ?" ಎಂದು ಒಂದು ದಿನ ಕೇಳಿದಳು, ಬಟ್ಟೆಯಿಂದ ಕಣ್ಣೆತ್ತದೆ.

"ಚೆನ್ನಾಗಿದೆ ಅಕ್ಕ."

"ಈ ಮೆಷಿನ್ ಸದ್ದಲ್ಲಿ ನಿನಗೆ ಏನೇ ಕೇಳಿಸುತ್ತೆ?"

"ಮೆಷಿನ್ ನಿಲ್ಲಿಸು ಮತ್ತೆ."

ಅವಳು ನಿಲ್ಲಿಸಲಿಲ್ಲ. ನನಗೂ ಅದೇ ಬೇಕಿತ್ತೇನೋ. ನಿಜವಾಗಿ ಕೇಳಿಸಿಬಿಟ್ಟರೆ ನಿಜವಾಗಿ ಹೇಳಬೇಕಾಗುತ್ತಿತ್ತು.

ಆ ಶನಿವಾರ ಮಧ್ಯಾಹ್ನ ಹಾಲ್‌ನಲ್ಲಿ ಕುರ್ಚಿ ಹಾಕುತ್ತಿದ್ದಾಗ ಮೇಷ್ಟ್ರು ನನ್ನ ಪಕ್ಕಕ್ಕೆ ಬಂದು, ದನಿ ತಗ್ಗಿಸಿ, "ನಿನ್ನ ಕೆಲಸ ನೀನು ಮಾಡು. ಅಕ್ಕ ಇದ್ದಾಳೆ ಅಂತ ಕಿವಿ ಮುಚ್ಚಿಕೋಬೇಡ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ತಲೆಯಾಡಿಸಿದೆ. ಎಲ್ಲರೂ ನನಗೆ ಒಂದೇ ಮಾತು ಹೇಳುತ್ತಿದ್ದಾರೆ, ಅಂದರೆ ಎಲ್ಲರಿಗೂ ಒಂದೇ ಅನುಮಾನ ಇದೆ ಎಂದು ನನ್ನ ತಲೆಗೆ ಹೊಕ್ಕಿತು. ತಪ್ಪದೇ ಇದ್ದಾಗ ಇಡಬೇಡ ಎಂದೂ ಅಕ್ಕ ಹೇಳಿದ್ದಳು, ಮೇಷ್ಟ್ರು ಹೇಳಿರಲಿಲ್ಲ. ಆ ವ್ಯತ್ಯಾಸ ನನಗೆ ಈಗ ಕಾಣುತ್ತದೆ. ಆಗ ಕಾಣಲಿಲ್ಲ.

ಸಂಜೆ ಆರಕ್ಕೆ ಹಾಲ್ ತುಂಬಿತು. ನಾಟಕದಲ್ಲಿ ಕುರಿಯಾಗಿದ್ದ ಮಗು ವೇದಿಕೆ ಬಿಟ್ಟು ಅಮ್ಮನ ಮಡಿಲಿಗೆ ಓಡಿಹೋಯಿತು, ಜನ ನಕ್ಕರು. ಜಾದೂಗಾರರ ತೋಳಿನಿಂದ ಕರವಸ್ತ್ರ ಹೊತ್ತಿಗೆ ಮುಂಚೆಯೇ ಇಣುಕಿತು, ಅದಕ್ಕೂ ನಕ್ಕರು. ಮೈಕು, ದೀಪ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ನನ್ನು ನಾವು ವೈರಣ್ಣ ಎನ್ನುತ್ತೇವೆ. ಅವನು ವೇದಿಕೆಯ ಬಲಕ್ಕೆ ತನ್ನ ಪೆಟ್ಟಿಗೆಯ ಮುಂದೆ ರಾಜನ ಹಾಗೆ ಕೂತಿದ್ದ. ಭಾವ ಮೂರನೇ ಸಾಲಿನಲ್ಲಿ, ಡ್ಯೂಟಿ ಬದಲಾಯಿಸಿಕೊಂಡು, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದಿದ್ದರು.

ನಮ್ಮ ತಂಡ ವೇದಿಕೆ ಹತ್ತಿತು. ಎಡತುದಿಯಲ್ಲಿ ಅಕ್ಕ, ಅವಳ ಪಕ್ಕದಲ್ಲಿ ಗಡಿಯಾರ ರಿಪೇರಿಯವರು. ಅವರಿಗೆ ನೆಗಡಿಯಾಗಿತ್ತು, ಕತ್ತಿಗೆ ಮಫ್ಲರ್ ಸುತ್ತಿದ್ದರು. ನಾನು ಹಿಂದೆ, ಪರದೆಗೆ ಬೆನ್ನು ಕೊಟ್ಟು ನಿಂತೆ. ನನ್ನ ಕಣ್ಣಿನ ಮಟ್ಟಕ್ಕೆ ಅಕ್ಕನ ಶಾಲಿನ ಅಂಚು. ಅವಳು ಕೈ ಹಿಂದೆ ಕಟ್ಟಿದ್ದಳು, ಹೆಬ್ಬೆರಳಿಂದ ಇನ್ನೊಂದು ಹೆಬ್ಬೆರಳನ್ನು ಒತ್ತುತ್ತಿದ್ದಳು.

ಮೊದಲ ಎರಡು ಹಾಡು ಸುಸೂತ್ರವಾಗಿ ಹೋದವು. ಔಷಧಿ ಅಂಗಡಿಯವರ ಭುಜಕ್ಕೆ ಒಂದು ಸಲ ಬೆರಳಿಟ್ಟೆ, ಅವರು ರೂಢಿಯಂತೆ ಮೀನಿನ ಹಾಗೆ ಬಾಯಾಡಿಸತೊಡಗಿದರು. ಆಮೇಲೆ ತೊಟ್ಟಿಲ ಹಾಡು. ಪಿಯಾನೋದಲ್ಲಿ ನಮ್ಮ ಹಲ್ಲಿನ ಡಾಕ್ಟರಮ್ಮ. ಮೊದಲ ಚರಣ ಎಲ್ಲರೂ ಸೇರಿ. ಚೆನ್ನಾಗಿತ್ತು. ಎರಡನೇ ಚರಣ ಅರ್ಧಕ್ಕೆ ಬಂದಾಗ ಎಡಗಡೆಯಿಂದ ಒಂದು ಸ್ವರ ಕೆಳಗೆ ಜಾರತೊಡಗಿತು.

ಅದು ನನಗೆ ಕೇಳಿಸಿದ್ದು ನಿಜ. ಇದೊಂದನ್ನು ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ. ಎಡಗಡೆಯಿಂದ, ನನಗೆ ಹತ್ತಿರದಿಂದ. ಮೊದಲು ಕೂದಲೆಳೆಯಷ್ಟು, ಆಮೇಲೆ ಇನ್ನೂ ಸ್ವಲ್ಪ. ಅಭ್ಯಾಸ ಶುರುವಾದ ಆರು ವಾರದಿಂದ ನಾನು ಒಂದೇ ಗಂಟಲಿಗೆ ಹೆದರಿಕೊಂಡು ಬದುಕಿದ್ದೆ. ಆ ಬದಿಯಲ್ಲಿ ಇನ್ನೊಂದು ಗಂಟಲು ಇದೆ ಎಂಬುದೇ ನನಗೆ ಹೊಳೆಯಲಿಲ್ಲ. ನನ್ನ ಕೈ ಮೇಲೆದ್ದು ಅಕ್ಕನ ಭುಜದ ಮೇಲೆ ಎರಡು ಬೆರಳು ಇಟ್ಟಿತು.

ಮುಂದಿನ ಚರಣ ಅವಳೊಬ್ಬಳದೇ ಎಂಬುದು ಆಗ ನೆನಪಿತ್ತೇ? ಇತ್ತು ಎಂದರೆ ಸುಳ್ಳು, ಇರಲಿಲ್ಲ ಎಂದರೂ ಸುಳ್ಳು. ಮೂರನೆಯದಕ್ಕೆ ಮುಂಚೆ ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದೇ ಇಟ್ಟೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೆ ಯೋಚಿಸುವಷ್ಟು ಸಮಯ ಇರಲಿಲ್ಲ.

ಅವಳ ಭುಜ ಕಲ್ಲಿನಂತಾಯಿತು. ಅವಳು ತಿರುಗಲಿಲ್ಲ. ಕೈ ಬಿಚ್ಚಿ ಎರಡೂ ಪಕ್ಕಕ್ಕೆ ಇಳಿಬಿಟ್ಟಳು.

ಎರಡನೇ ಚರಣ ಮುಗಿಯಿತು. ದೀಪಗಳು ಆರಿದವು, ನಕ್ಷತ್ರದ ಬಲ್ಬು ಮಾತ್ರ ಉಳಿಯಿತು. ಡಾಕ್ಟರಮ್ಮ ಮೂರನೇ ಚರಣದ ಮುನ್ನ ಬರುವ ನಾಲ್ಕು ಸ್ವರ ನುಡಿಸಿದರು. ಮೇಷ್ಟ್ರು ಕಣ್ಣು ಮುಚ್ಚಿದರು. ಆಗ ನನಗೆ ಅರ್ಥವಾಯಿತು. ಹನ್ನೊಂದು ವರ್ಷದಲ್ಲಿ ಒಬ್ಬರೇ ಹಾಡುವ ಚರಣದವರ ಭುಜಕ್ಕೆ ನಾನು ಬೆರಳಿಟ್ಟಿರಲಿಲ್ಲ. ಇಟ್ಟರೆ ಏನು ಮಾಡಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಇಟ್ಟ ಬೆರಳನ್ನು ವಾಪಸ್ ತೆಗೆದುಕೊಳ್ಳುವ ಸನ್ನೆಯೂ ನಮ್ಮಲ್ಲಿರಲಿಲ್ಲ.

ಅಕ್ಕ ಬಾಯಿ ತೆರೆದಳು. ತುಟಿ ಆಡಿದವು. ಸದ್ದಿಲ್ಲ.

"ಅಕ್ಕಾ, ಹಾಡು," ಎಂದು ಪಿಸುಗುಟ್ಟಿದೆ. ನನ್ನ ಪಿಸುಮಾತು ನನಗೇ ಕೇಳಿಸಿತೋ ಇಲ್ಲವೋ. ಮತ್ತೆ ಅವಳನ್ನು ಮುಟ್ಟಲು ಕೈ ಎತ್ತಿದೆ, ಮುಟ್ಟಿದರೆ ಅದರ ಅರ್ಥ ಮತ್ತೆ ಅದೇ ಆಗುತ್ತದೆ ಎಂದು ಹೆದರಿ ಇಳಿಸಿದೆ. ಪಿಯಾನೋ ಒಂದೇ ನಡೆಯುತ್ತಿತ್ತು. ಮೊದಲ ಸಾಲು ಹೋಯಿತು, ಎರಡನೇ ಸಾಲು ಹೋಯಿತು. ಡಾಕ್ಟರಮ್ಮ ಕುತ್ತಿಗೆ ತಿರುಗಿಸಿ ನೋಡುತ್ತಾ ನಿಧಾನ ಮಾಡಿದರು, ನಿಲ್ಲಿಸಲಿಲ್ಲ.

"ಮೈಕ್! ಮೈಕ್ ನೋಡ್ರೀ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಏ ವೈರಣ್ಣಾ, ಏನಯ್ಯಾ ಮಾಡ್ತಿದೀಯಾ, ನಿದ್ದೆ ಹೋದ್ಯಾ?"

ವೈರಣ್ಣ ಗಡಿಬಿಡಿಯಿಂದ ಪೆಟ್ಟಿಗೆಯ ಗುಂಡಿ ತಿರುಗಿಸಿದ. ಕಿವಿ ಸೀಳುವಂಥ ಕೀರಲು ಸದ್ದು ಹೊರಟು, ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಅವನು ಬಗ್ಗಿಕೊಂಡೇ ಓಡಿ ಬಂದು ಅಕ್ಕನ ಮುಂದಿನ ಮೈಕನ್ನು ಅಲ್ಲಾಡಿಸಿದ, ಬೆರಳಿಂದ ತಟ್ಟಿದ. ಢಬ್ ಢಬ್ ಎಂದು ಇಡೀ ಹಾಲ್‌ಗೆ ಕೇಳಿಸಿತು. ಮೈಕು ಸರಿಯಾಗಿತ್ತು. ಆದರೆ ಅದನ್ನು ಯಾರೂ ಗಮನಿಸಲಿಲ್ಲ. ಭಾವ ಎದ್ದು ನಿಂತಿದ್ದರು. ಅವರೊಬ್ಬರೇ ಮೈಕನ್ನು ನೋಡುತ್ತಿರಲಿಲ್ಲ.

ಅಕ್ಕ ಒಂದು ಪದವನ್ನೂ ಬಿಡಲಿಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಅವಳ ಬೆನ್ನು ಏರಿತು, ಎಲ್ಲಿ ಬಿಡಬೇಕೋ ಅಲ್ಲಿ ಇಳಿಯಿತು. ಹಿಂದಿನಿಂದ ನೋಡುತ್ತಿದ್ದ ನನಗೆ ಕಂಡದ್ದು ಅದು. ನಾಲ್ಕನೇ ಚರಣಕ್ಕೆ ಎಲ್ಲರೂ ಸೇರಿಕೊಂಡರು, ನಾಚಿಕೆಯಿಂದ ಸ್ವಲ್ಪ ಜೋರಾಗಿಯೇ. ಚಪ್ಪಾಳೆಯೂ ಜೋರಾಗಿಯೇ ಬಿತ್ತು. ಮೈಕು ಕೆಟ್ಟಿತಲ್ಲ ಎಂಬ ಕರುಣೆಗೆ ಬಿದ್ದ ಚಪ್ಪಾಳೆ.

ಆಮೇಲೆ ಚಹಾ, ಕೇಕ್. ಅಕ್ಕನ ಸುತ್ತ ಜನ. "ಛೆ, ಎರಡು ವರ್ಷದ ಮೇಲೆ ಬಂದ್ರಿ, ಹೀಗಾಗಬೇಕಾ?" "ಮುಖ ನೋಡಿದ್ರೇ ಸಾಕು, ಎಷ್ಟು ಭಾವ ಇತ್ತು ಗೊತ್ತಾ?" ಅಕ್ಕ ನಗುತ್ತಿದ್ದಳು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕ್ಲಬ್ಬಿನ ಅಧ್ಯಕ್ಷರು ವೈರಣ್ಣನನ್ನು ಮೂಲೆಗೆ ನಿಲ್ಲಿಸಿಕೊಂಡಿದ್ದರು.

"ಮಧ್ಯಾಹ್ನ ಮೂರು ಸಲ ಚೆಕ್ ಮಾಡಿದೀನಿ ಸಾರ್. ನನ್ನಾಣೆಗೂ ಸರಿ ಇತ್ತು."

"ಸರಿ ಇದ್ರೆ ಯಾಕಪ್ಪ ಕೇಳಿಸಲಿಲ್ಲ? ಗಾಳಿ ತಿಂದ್ಕೊಂಡು ಹೋಯ್ತಾ?"

ನಾನು ಅಲ್ಲಿಗೆ ಹೋಗಿ, ಸಾರ್, ಅವನದೇನೂ ತಪ್ಪಿಲ್ಲ ಅನ್ನಬೇಕಿತ್ತು. ನಾಲ್ಕು ಹೆಜ್ಜೆ ಹೋದೆ. ಹಾಗೆ ಹೇಳಿದರೆ ಅಕ್ಕ ಬೇಕೆಂದೇ ಹಾಡಲಿಲ್ಲ ಎಂದಾಗುತ್ತದೆ. ಯಾಕೆ ಹಾಡಲಿಲ್ಲ ಎಂದರೆ ತಂಗಿ ಬೆರಳಿಟ್ಟಳು ಎಂದಾಗುತ್ತದೆ. ಯಾಕೆ ಬೆರಳಿಟ್ಟಳು ಎಂದರೆ ಅಕ್ಕನ ಗಂಟಲು ಹೋಗಿದೆ ಎಂದಾಗುತ್ತದೆ. ಖಾಲಿ ತಟ್ಟೆಗಳನ್ನು ಎತ್ತಿಕೊಂಡು ವಾಪಸ್ ಬಂದೆ.

ಮೂವರೂ ಮನೆಗೆ ಬಂದೆವು. ಬಾಗಿಲು ಹಾಕಿದ ಮೇಲೆ ಭಾವ, "ಅಂತೂ ನಮ್ಮ ಬಸ್ಸು ಸ್ಟಾಪಲ್ಲಿ ನಿಂತೂ ಬಾಗಿಲು ತೆರೀಲಿಲ್ಲ," ಎಂದು ತಮಾಷೆ ಮಾಡಲು ನೋಡಿದರು. ಯಾರೂ ನಗಲಿಲ್ಲ. ಅವರು ಶರಟು ಬದಲಾಯಿಸಲು ಒಳಗೆ ಹೋದರು. ಅಕ್ಕ ಹೊಲಿಗೆ ಮೇಜಿನ ಹತ್ತಿರ ನಿಂತು ಶಾಲನ್ನು ಮಡಚುತ್ತಿದ್ದಳು, ಅಂಚಿಗೆ ಅಂಚು ಕೂಡಿಸಿ.

"ಯಾಕೆ ಹಾಡಲಿಲ್ಲ ಅಕ್ಕ?"

"ನೀನು ಬೆರಳಿಟ್ಟೆಯಲ್ಲ."

"ಅದು ಎರಡನೇ ಚರಣಕ್ಕೆ. ಮೂರನೇದು ನಿಂದಲ್ವಾ?"

"ಹಾಡು ಮುಗಿಯೋವರೆಗೆ ಅಂತ ಅಲ್ವೇನೇ ಇರೋದು? ಹನ್ನೊಂದು ವರ್ಷದಿಂದ ಹೊಸಬರಿಗೆಲ್ಲ ನೀನೇ ಹೇಳಿಕೊಡ್ತೀಯ. ನನಗೊಂದು ಬೇರೆ ನಿಯಮ ಇದೆಯಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಒಂದು ಹೇಳು," ಎಂದಳು. "ನಾನು ಜಾರಿದ್ದೆನಾ? ನನಗೆ ಗೊತ್ತಾಗಲಿಲ್ಲ. ಆಪರೇಷನ್ ಆದ ಮೇಲೆ ನನ್ನ ಸ್ವರ ನನಗೆ ಒಳಗಿಂದ ಸರಿಯಾಗಿ ಕೇಳಿಸಲ್ಲ. ನಿನ್ನ ಕಿವೀನೇ ನಂಬಿಕೊಂಡು ನಿಂತಿದ್ದೆ. ಜಾರಿದ್ದೆನಾ?"

ಗೊತ್ತಿಲ್ಲ ಎನ್ನಬಹುದಿತ್ತು. ಎಡಗಡೆಯಿಂದ ಕೇಳಿಸಿತು, ಅಷ್ಟು ಮಾತ್ರ ಗೊತ್ತು ಎನ್ನಬಹುದಿತ್ತು. ಆದರೆ ಗೊತ್ತಿಲ್ಲದೆ ಬೆರಳಿಟ್ಟೆ ಎಂದು ಒಪ್ಪಿಕೊಳ್ಳುವುದು ನನ್ನಿಂದ ಆಗಲಿಲ್ಲ.

"ಹೂಂ," ಎಂದೆ. "ಜಾರಿತ್ತು."

"ಹೌದಾ." ಅವಳು ಶಾಲನ್ನು ಇನ್ನೊಂದು ಮಡಿಕೆ ಮಾಡಿದಳು. "ಹಾಗಾದ್ರೆ ಒಳ್ಳೇದೇ ಆಯ್ತು ಬಿಡು. ಎಲ್ಲರ ಮುಂದೆ ಮಾನ ಉಳೀತು."

ಇದು ಶನಿವಾರ. ಮಂಗಳವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಗಡಿಯಾರ ರಿಪೇರಿಯವರು ತಮ್ಮ ಅಂಗಡಿಯ ಗಾಜಿನ ಹಿಂದಿನಿಂದ ಕೈ ಬೀಸಿ ಕರೆದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೊರಗೆ ಬಂದರು, ಮಫ್ಲರ್ ಇನ್ನೂ ಕತ್ತಿನಲ್ಲಿತ್ತು.

"ಒಂದು ವಿಷಯ ಕೇಳಬೇಕಿತ್ತು ಕಣಮ್ಮ. ಕೇಳಬಾರದು ಅಂತ ಪದ್ಧತಿ ಇದೆ, ಆದ್ರೂ ಕೇಳ್ತೀನಿ. ಅವತ್ತು ತೊಟ್ಟಿಲ ಹಾಡಲ್ಲಿ ನನಗೆ ಯಾಕೆ ಬೆರಳಿಡಲಿಲ್ಲ ನೀನು?"

"ನಿಮಗಾ?"

"ಎರಡನೇ ಚರಣದಲ್ಲಿ ನಾನು ಜಾರ್ತಾ ಇದ್ದೆ. ನೆಗಡಿ ನೋಡು, ಮೂಗು ಕಟ್ಟಿ, ಸ್ವರ ಎತ್ಲಿಕ್ಕೇ ಆಗ್ತಿರಲಿಲ್ಲ. ಈಗ ಬೀಳುತ್ತೆ ಬೆರಳು, ಈಗ ಬೀಳುತ್ತೆ ಅಂತ ಕಾಯ್ತಿದ್ದೆ. ಬೀಳಲಿಲ್ಲ. ಓಹೋ, ಸರಿಯಾಗೇ ಇದೆಯೇನೋ, ನನ್ನ ಕಿವಿಗೇ ಎಣ್ಣೆ ಹಾಕಬೇಕೇನೋ ಅಂದ್ಕೊಂಡು ಹಾಡಿಬಿಟ್ಟೆ."

ಅವರ ಹಿಂದೆ ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಹೊತ್ತು.

"ಅಣ್ಣಾ, ಅಕ್ಕ ನಿಮ್ಮ ಪಕ್ಕದಲ್ಲೇ ಇದ್ದಳಲ್ಲ. ಅವಳು ಸರಿಯಾಗಿ ಹಾಡ್ತಿದ್ಲಾ?"

ಅವರು ಭೂತಗನ್ನಡಿ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ನನ್ನ ಸದ್ದಲ್ಲಿ ನನಗೇನಮ್ಮ ಕೇಳಿಸುತ್ತೆ? ಅವರು ನಡುಗ್ತಿದ್ರು, ನನ್ನ ತೋಳಿಗೆ ತಾಗ್ತಿತ್ತು. ಅಷ್ಟು ಗೊತ್ತು." ಆಮೇಲೆ ನನ್ನ ಮುಖ ನೋಡಿದರು, ಅವರಿಗೂ ನಿಧಾನವಾಗಿ ಹೊಳೆಯಿತು. "ಅಯ್ಯೋ," ಎಂದರು. "ಅದು ಮೈಕಲ್ವಾ?"

ಆ ದಿನ ಕಾರ್ಖಾನೆಯಲ್ಲಿ ಒಳ್ಳೆಯ ಬಾಟಲಿ ಯಾವುದು, ಸೀಳಿದ್ದು ಯಾವುದು ನನಗೆ ತಿಳಿಯಲಿಲ್ಲ. ಕಣ್ಣು ನೋವೆಂದು ಹೇಳಿ ಮಧ್ಯಾಹ್ನಕ್ಕೇ ಮನೆಗೆ ಬಂದೆ. ಅಕ್ಕ ಒಂದು ಬಿಳಿ ಕೋಟಿಗೆ ಕಾಲರ್ ಹೊಲಿಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಮೆಷಿನ್ ನಿಲ್ಲಿಸಿ ಕೇಳಿದಳು.

"ಅಂದ್ರೆ ಜಾರಿದ್ದು ನಾನಲ್ಲ ಅಂತೀಯಾ?"

"ಗೊತ್ತಿಲ್ಲ ಅಕ್ಕ. ಅವರೊಬ್ಬರೇ ಇರಬಹುದು. ಇಬ್ಬರೂ ಇರಬಹುದು."

"ಶನಿವಾರ ಜಾರಿತ್ತು ಅಂದೆ. ಇವತ್ತು ಗೊತ್ತಿಲ್ಲ ಅಂತೀಯ. ನಾನು ಯಾವ ತಂಗೀನ ನಂಬಲಿ, ಶನಿವಾರದವಳನ್ನೋ ಮಂಗಳವಾರದವಳನ್ನೋ?"

"ಈಗ ಹಾಡು. ಇಲ್ಲೇ, ಆ ಚರಣ ಒಂದೇ. ಯಾರೂ ಇಲ್ಲ. ನಾನು ಕೇಳಿ ನಿಜ ಹೇಳ್ತೀನಿ, ದೇವರಾಣೆ."

ಅವಳು ಮೆಷಿನ್ನಿನ ಚಕ್ರದ ಮೇಲೆ ಕೈ ಇಟ್ಟಳು. "ನಿನಗೆ ಕೇಳಿಸಬಾರದು ಅಂತಲೇ ಅಲ್ವೇನೇ ನಾನು ಮೆಷಿನ್ ಓಡಿಸ್ತಿದ್ದದ್ದು," ಎಂದಳು. "ನಿನ್ನ ಮುಖ ನೋಡಿದ್ರೆ ನನಗೆ ಗಂಟಲು ಕಟ್ಟುತ್ತೆ. ಹಾಡು ಶುರು ಆಗೋ ಮುಂಚೇನೇ ನಿನ್ನ ಮುಖದಲ್ಲಿ ತಪ್ಪು ಬಂದು ಕೂತಿರುತ್ತೆ. ಚಿಕ್ಕಂದಿನಿಂದ ಹಾಗೇನೇ."

ನಾನು ಬಗ್ಗಿ ನೆಲಕ್ಕೆ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಆಯತೊಡಗಿದೆ.

"ಇನ್ನೊಂದು ಹೇಳಲಾ? ನೀನು ಬೆರಳಿಟ್ಟಾಗ ನನಗೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮೇಜಿನಿಂದ ಎರಡು ಗುಂಡುಸೂಜಿ ಎತ್ತಿ ತುಟಿಯ ನಡುವೆ ಕಚ್ಚಿಕೊಂಡಳು. ಹೊಲಿಯುವಾಗ ಹಾಗೆ ಕಚ್ಚಿಕೊಳ್ಳುವುದುಂಟು, ಆದರೆ ಆ ಕಾಲರಿಗೆ ಸೂಜಿ ಬೇಕಿರಲಿಲ್ಲ. ನಾನು ಕಾದೆ. ಅವಳು ಸೂಜಿ ತೆಗೆಯಲಿಲ್ಲ.

ಅದೇ ಸಂಜೆ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಪದ್ಧತಿ ಮಾಡಿದವನು ನಾನು, ಇದನ್ನು ಯೋಚಿಸಬೇಕಾದವನೂ ನಾನೇ ಎಂದರು. ಆಮೇಲೆ, "ಮೈಕ್ ಅಂತಲೇ ಇರಲಿ ಬಿಡಮ್ಮ. ಮುಂದಿನ ವರ್ಷ ಇನ್ನೊಂದು ಸಲ ಹಾಡಲಿ, ನಾನೇ ಹೋಗಿ ಹೇಳ್ತೀನಿ," ಎಂದರು. ಬೆರಳಿನ ಕೆಲಸ ಇನ್ನು ನನ್ನಿಂದಾಗದು ಎಂದು ಹೇಳಿ ಬಂದೆ.

ವೈರಣ್ಣನಿಗೆ ಹೇಳದಿರಲು ನನ್ನಿಂದ ಆಗಲಿಲ್ಲ. ಅವನ ಅಂಗಡಿಯಲ್ಲಿ ಆಂಪ್ಲಿಫೈಯರು ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಮಲಗಿತ್ತು.

"ಮೂರು ದಿನದಿಂದ ಇದರ ಮುಂದೆ ಕೂತಿದೀನಿ," ಎಂದ, ನಾನು ಹೇಳಿದ್ದನ್ನೆಲ್ಲ ಕೇಳಿ. "ಒಂದೊಂದು ವೈರೂ ಬಿಚ್ಚಿ ಕಟ್ಟಿದೆ. ಒಂದೇ ಒಂದು ತಪ್ಪು ಸಿಗಲಿಲ್ಲ ಕಣಕ್ಕ. ಹುಚ್ಚು ಹಿಡೀತಿತ್ತು ನನಗೆ."

"ಅಧ್ಯಕ್ಷರಿಗೆ ನಾನೇ ಬಂದು ಹೇಳ್ತೀನಿ."

ಅವನು ಸ್ಕ್ರೂಡ್ರೈವರಿನ ಹಿಡಿಯಿಂದ ತಲೆ ಕೆರೆದುಕೊಂಡ. "ಬೇಡ ಬಿಡಿ. ನನ್ನ ಮೈಕಿಗೆ ಹೋದ ಮರ್ಯಾದೆ ಮುಂದಿನ ಫಂಕ್ಷನ್ನಲ್ಲಿ ವಾಪಸ್ ಬರುತ್ತೆ. ನಿಮ್ಮ ಅಕ್ಕನವರದ್ದು ಬರುತ್ತಾ?"

ಮೇಷ್ಟ್ರು ಹೇಳಿದಂತೆ ನಮ್ಮ ಮನೆಗೆ ಬಂದರು. ಮುಂದಿನ ವರ್ಷ ಅಲ್ಲ, ಆ ವಾರವೇ. ಅಕ್ಕ ಚಹಾ ಕೊಟ್ಟಳು, ಅವರ ಕೋಟಿನ ತೋಳಿನಲ್ಲಿ ಬಿಚ್ಚಿದ್ದ ಹೊಲಿಗೆಯನ್ನು ಅಲ್ಲೇ ಹಾಕಿಕೊಟ್ಟಳು. ಹಾಡಿನ ಮಾತಿಗೆ ಮಾತ್ರ, "ನರ್ಸಮ್ಮ ಚೆನ್ನಾಗಿ ಹಾಡ್ತಾರೆ ಮೇಷ್ಟ್ರೇ," ಎಂದಳು. ಅವರು ಹೊರಟಾಗ ನೀಲಿ ಶಾಲನ್ನು ಕಾಗದದಲ್ಲಿ ಸುತ್ತಿ ಅವರ ಕೈಗಿಟ್ಟಳು. ಭಾವ ಬಾಗಿಲಲ್ಲಿ ನಿಂತಿದ್ದರು. ಯಾವ ತಮಾಷೆಯೂ ಮಾಡಲಿಲ್ಲ.

ಇದಾಗಿ ಎರಡು ಕ್ರಿಸ್ಮಸ್ ಕಳೆದವು. ಎರಡಕ್ಕೂ ನಾವು ಮೂವರೂ ಹೋಗಿ ಕುರ್ಚಿಯಲ್ಲಿ ಕೂತು ಕೇಳಿ ಬಂದೆವು. ಬೆರಳಿಡುವುದನ್ನು ಮೇಷ್ಟ್ರು ನಿಲ್ಲಿಸಿಬಿಟ್ಟಿದ್ದಾರೆ. ತಂಡ ಈಗ ಮೊದಲಿಗಿಂತ ಕೆಟ್ಟದಾಗಿ ಹಾಡುತ್ತದೆ, ಜನಕ್ಕೆ ಅದರಿಂದ ಏನೂ ಬೇಸರವಾದಂತಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಿಲ್ಲ. ತಟ್ಟೆಗೆ ಬಡಿಸುತ್ತಾಳೆ, ಬೈಯುತ್ತಾಳೆ, ನನ್ನ ರವಿಕೆಗಳನ್ನು ಅವಳೇ ಹೊಲಿಯುತ್ತಾಳೆ. ಹೇಳಿದ ಹಾಗೆ ಹಾಡು ಮಾತ್ರ ಬಿಟ್ಟಿದ್ದಾಳೆ, ಮನೆಯಲ್ಲೂ.

ಆ ಸಂಜೆ ಜಾರಿದ್ದು ಯಾರ ಸ್ವರ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಪಿಸುಮಾತು ಅಕ್ಕನಿಗೆ ಕೇಳಿಸಿತ್ತೋ, ಕೇಳಿಸಿಯೂ ಅವಳು ಹಾಡಲಿಲ್ಲವೋ, ಅದೂ ಗೊತ್ತಿಲ್ಲ. ಬೆರಳು ಬಿದ್ದಾಗ ಅವಳಿಗೆ ಏನನ್ನಿಸಿತು ಎಂಬ ಮಾತನ್ನು ಅವಳು ಪೂರ್ತಿ ಮಾಡಲಿಲ್ಲ, ನಾನು ಮತ್ತೆ ಕೇಳಲಿಲ್ಲ. ಹಾಡಿದ್ದರೆ ಆ ಚರಣ ಹೇಗಿರುತ್ತಿತ್ತು ಎಂಬುದು ಯಾರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿದೆ ಎಂದು ನನಗನ್ನಿಸುವುದಿಲ್ಲ.